ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ

"ಒಂದು ತಿಂಗಳು ಇಲ್ಲೇ ಇಟ್ಕೊಳ್ಳಿ ಡಾಕ್ಟ್ರೇ, ಸರಿ ಮಾಡಿ ಕಳಿಸಿ. ನಮ್ಮ ಕೈಲಂತೂ ಆಗ್ತಿಲ್ಲ." ಹದಿಹರೆಯದ ಮಗನನ್ನೋ ಮಗಳನ್ನೋ ಮನೋವೈದ್ಯರ ಬಳಿ ಕರೆತಂದ ಅಪ್ಪ ಅಮ್ಮ ಎಷ್ಟೋ ಸಲ ಆಡುವ ಮಾತಿದು. ಹೀಗೆ ಕೇಳುವವರು ಕಲ್ಲು ಮನಸ್ಸಿನವರೇನಲ್ಲ. ಟ್ಯೂಷನ್ ಬದಲಿಸಿ, ಮೊಬೈಲ್ ಕಿತ್ತಿಟ್ಟು, ಮತ್ತೆ ಕೊಟ್ಟು, ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿ, ಊರಿನಿಂದ ಸೋದರಮಾವನನ್ನು ಕರೆಸಿ ಬುದ್ಧಿ ಹೇಳಿಸಿ, ಎಲ್ಲವೂ ಮುಗಿದ ಮೇಲೆ ಬಂದವರು. ಮಗ ರೂಮಿನ ಬಾಗಿಲು ಹಾಕಿಕೊಂಡರೆ ಊಟಕ್ಕೂ ಹೊರಗೆ ಬರುವುದಿಲ್ಲ. ಮಗಳು ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ಬಿಡುವುದಿಲ್ಲ. ಯಾಕೆಂದು ಒಂದು ದಿನ ಕಣ್ಣಿಗೆ ಬಿದ್ದು ಅಮ್ಮನ ಜೀವ ಬಾಯಿಗೆ ಬಂದಿದೆ. ಅಲ್ಲಿಯವರೆಗೆ ಬಂದವರು ಯಾರಾದರೂ ಸರಿ, ಈ ಭಾರ ಸ್ವಲ್ಪ ಹೊತ್ತು ಇಳಿಸಿಕೊಳ್ಳಲಿ ಎಂದು ಬಯಸುವುದು ಸಹಜ.

ಆದರೂ ಆ ಕೋರಿಕೆಯಲ್ಲಿ ಒಂದು ಎಡವಟ್ಟಿದೆ. ಕೆಟ್ಟ ಮಿಕ್ಸಿಯನ್ನು ಅಂಗಡಿಯಲ್ಲಿ ಬಿಟ್ಟು ಚೀಟಿ ಇಸಕೊಂಡು ಬರುವ ಹಾಗೆ ಮಗುವನ್ನೂ ಬಿಟ್ಟು ಬರಬಹುದು ಎಂಬ ಎಣಿಕೆ ಅದರೊಳಗಿದೆ. ನಮ್ಮ ಕಾನೂನೇ ಅದಕ್ಕೆ ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಸೆಕ್ಷನ್ನು 18 ವರ್ಷದೊಳಗಿನವರ ದಾಖಲಾತಿಗೆಂದೇ ಇದೆ. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞ ಇಲ್ಲವೇ ವೈದ್ಯ, ಬೇರೆ ಬೇರೆಯಾಗಿ ಮಗುವನ್ನು ಪರೀಕ್ಷಿಸಿ, ಮನೆಯಲ್ಲಿದ್ದುಕೊಂಡೇ ಪಡೆಯುವ ಚಿಕಿತ್ಸೆ ಸಾಲದು ಎಂದು ತೀರ್ಮಾನಿಸಬೇಕು. ದೊಡ್ಡವರ ವಾರ್ಡಿನಲ್ಲಿ ಮಲಗಿಸುವಂತಿಲ್ಲ. ದಾಖಲಾದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು, 30 ದಿನ ಮುಂದುವರಿದರೆ ಮತ್ತೆ ತಿಳಿಸಬೇಕು. ಇವೆಲ್ಲ ಕಚೇರಿಯ ಕೆಲಸ, ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ಮನೆಯವರಿಗೆ ಸಂಬಂಧಿಸಿದ ನಿಯಮ ಒಂದೇ: ತಂದೆ ಅಥವಾ ತಾಯಿ, ಇಲ್ಲವೇ ಅವರು ಗೊತ್ತುಮಾಡಿದ ಒಬ್ಬರು, ದಾಖಲಾಗಿರುವಷ್ಟೂ ದಿನ ಮಗುವಿನ ಜೊತೆಯಲ್ಲೇ ಇರಬೇಕು. ಬಿಟ್ಟು ಬರುವ ದಾರಿಯೇ ಇಲ್ಲ.

ಈ ನಿಯಮ ಕೇಳಿದ ಕೂಡಲೇ ಹಲವರಿಗೆ ಮುಖ ಸಪ್ಪಗಾಗುತ್ತದೆ. ರಜೆ ಎಲ್ಲಿಂದ ತರುವುದು, ಇನ್ನೊಂದು ಮಗುವನ್ನು ಯಾರು ನೋಡುತ್ತಾರೆ, ಸಮಸ್ಯೆ ಇರುವುದು ಅವನಿಗೆ, ನಾನ್ಯಾಕೆ ಆಸ್ಪತ್ರೆಯಲ್ಲಿ ಮಲಗಬೇಕು. ನನ್ನ ಮಟ್ಟಿಗೆ ಆ ಕಾಯ್ದೆಯಲ್ಲಿ ಹದಿಹರೆಯದವರ ಪಾಲಿಗೆ ಬರೆದ ಅತ್ಯಂತ ಬುದ್ಧಿವಂತಿಕೆಯ ಸಾಲು ಅದೇ.

ಜಯನಗರ, ಬಿಟಿಎಂ ಲೇಔಟ್ ಕಡೆಯವರಿಗೆ ಈ ಲೋಕ ದೂರದ್ದಲ್ಲ. ಡೇರಿ ಸರ್ಕಲ್‌ನಿಂದ ವಿಲ್ಸನ್ ಗಾರ್ಡನ್ ಕಡೆಗೆ ಹೊಸೂರು ರಸ್ತೆ ಹಿಡಿದರೆ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆ, ಸರ್ಕಾರಿ ಬಾಲಕರ ಬಾಲಮಂದಿರ ಎಲ್ಲವೂ ಕೂಗಳತೆಯಲ್ಲಿವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗ, ಅದಕ್ಕೊಂದು ಒಳರೋಗಿಗಳ ವಾರ್ಡು ಇದೆ. ಬಿಟಿಎಂನಲ್ಲಿ ನಿಮ್ಹಾನ್ಸ್‌ನದೇ 'ಸೆಂಟರ್ ಫಾರ್ ವೆಲ್ ಬೀಯಿಂಗ್' ಇದೆ. ಮೊಬೈಲು, ಗೇಮುಗಳ ಗೀಳಿಗಾಗಿ 2014ರಲ್ಲಿ ಆರಂಭವಾದ 'ಶಟ್ ಕ್ಲಿನಿಕ್' ನಡೆಯುವುದು ಅಲ್ಲೇ. ಜಯನಗರದಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿಯ 'ಆಶಾ' ಇದೆ. ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಮುಖ್ಯವಾಗಿ ವಯಸ್ಕರು, ಆಸ್ಪತ್ರೆಗೂ ಮನೆಗೂ ನಡುವೆ ಉಳಿದುಕೊಳ್ಳುವ ತಾಣ ಅದು. ಅದರ ಮೂಲ ಸಂಸ್ಥೆಯನ್ನು 1959ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದವರು ಎಲಿ ಯಾನ್ಸೆನ್ ಎಂಬ ಡಚ್ ಹೆಣ್ಣುಮಗಳು. ಪಿಜಿ, ಕೋಚಿಂಗ್ ಸೆಂಟರ್, ದರ್ಶಿನಿಗಳ ನಡುವೆ ಇಷ್ಟೆಲ್ಲ ಇದ್ದರೂ ನಮ್ಮ ಬಡಾವಣೆಗಳಲ್ಲಿ 'ನಿಮ್ಹಾನ್ಸ್' ಎಂಬ ಹೆಸರನ್ನು ಇವತ್ತಿಗೂ ದನಿ ತಗ್ಗಿಸಿಯೇ ಹೇಳುತ್ತೇವೆ.

ಎಷ್ಟು ಮಕ್ಕಳಿಗೆ ತೊಂದರೆ ಇದೆ? ಡಾ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲ ಹಳ್ಳಿಗಳಲ್ಲಿ 16 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 12.5 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇಕಡಾ 7.3, ಮಹಾನಗರಗಳಲ್ಲಿ ಮಾತ್ರ ಶೇಕಡಾ 13.5. ಇವರಲ್ಲಿ ಹೆಚ್ಚಿನವರಿಗೆ ವಾರ್ಡು ಬೇಕಿಲ್ಲ. ಹೊರರೋಗಿ ವಿಭಾಗದಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂತು ಮಾತಾಡಿದರೆ, ಅಗತ್ಯವಿದ್ದಾಗ ಮಾತ್ರೆ ತೆಗೆದುಕೊಂಡರೆ ಸಾಕು. ಸಾಯುವ ಮಾತಾಡುವ, ಕೈ ಕೊಯ್ದುಕೊಳ್ಳುವ, ಊಟ ಬಿಟ್ಟು ಒಣಗುವ, ಇಲ್ಲದ ದನಿ ಕೇಳಿಸುವ, ವ್ಯಸನದಿಂದ ಬಿಡಿಸಿಕೊಳ್ಳುವಾಗ ಮೈ ನಡುಗುವ, ಮನೆಯವರ ಮೇಲೆ ಕೈ ಮಾಡುವ ಮಟ್ಟಕ್ಕೆ ಹೋದವರ ಮಾತು ಬೇರೆ. ಎದುರು ಮಾತಾಡಿದ, ಪ್ರೀತಿಯಲ್ಲಿ ಬಿದ್ದ, ಗಣಿತದಲ್ಲಿ ಫೇಲಾದ ಎಂಬುವು ಒಳಗೆ ಹಾಕಲು ಕಾರಣಗಳೇ ಅಲ್ಲ.

ಸರಿ, ದಾಖಲಾಯಿತು. ಅಲ್ಲಿ ನಡೆಯುವುದೇನು? ಡಾಕ್ಟರು ಬರುತ್ತಾರೆ, ಮಾತಾಡಿಸುತ್ತಾರೆ, ಹೋಗುತ್ತಾರೆ. ಮನಶ್ಶಾಸ್ತ್ರಜ್ಞರು ಮುಕ್ಕಾಲು ಗಂಟೆ ಕೂರಿಸಿಕೊಳ್ಳುತ್ತಾರೆ. ಇನ್ನುಳಿದ ಹೊತ್ತಿನ ಬಗ್ಗೆ 1969ರಲ್ಲಿ ಅಮೆರಿಕದ ಆಲ್ಬರ್ಟ್ ಟ್ರೀಶ್ಮನ್, ಜೇಮ್ಸ್ ವಿಟೇಕರ್, ಲ್ಯಾರಿ ಬ್ರೆಂಟ್ರೋ ಎಂಬ ಮೂವರು ಒಂದು ಪುಸ್ತಕ ಬರೆದರು: 'ದಿ ಅದರ್ ಟ್ವೆಂಟಿಥ್ರೀ ಅವರ್ಸ್'. ಚಿಕಿತ್ಸೆಯ ಗಂಟೆ ಒಂದಾದರೆ ದಿನದಲ್ಲಿ ಉಳಿಯುವುದು 23. ಎಬ್ಬಿಸುವುದು, ಹಲ್ಲುಜ್ಜಿಸುವುದು, ತಿಂಡಿ, ಆಟ, ಜಗಳ, ಮಲಗುವ ಹೊತ್ತಿನ ಹಟ. ಬಾಲಕನೊಬ್ಬ ನಿಜವಾಗಿ ಬದಲಾಗುವುದು ಈ ಹೊತ್ತಿನಲ್ಲಿ, ಈ ಹೊತ್ತಿನಲ್ಲಿ ಪಕ್ಕದಲ್ಲಿರುವವರಿಂದ ಎಂಬುದು ಅವರ ವಾದ. ನರ್ಸಮ್ಮ, ರಾತ್ರಿ ಪಾಳಿಯ ಅಟೆಂಡರ್, ಹಾಸ್ಟೆಲಿನ ವಾರ್ಡನ್, ಅಡುಗೆಯವರು. ಗೋಡೆಗೆ ನೇತುಹಾಕಿದ ಸರ್ಟಿಫಿಕೇಟುಗಳಲ್ಲಿ ಇವರ ಹೆಸರು ಇರುವುದಿಲ್ಲ.

ಹದಿಹರೆಯದವರು ಹೊಸ ಜಾಗಕ್ಕೆ ಹೋದಾಗ ಮೊದಲ ಕೆಲವು ದಿನ ಬಹಳ ಒಳ್ಳೆಯವರಾಗಿರುತ್ತಾರೆ. "ನೋಡಿ, ಇಲ್ಲಿ ಹೇಗಿದಾನೆ, ಮನೇಲೇ ಹೀಗೆ" ಎಂದು ಅಮ್ಮ ಅಳುವುದು ಆಗಲೇ. ಆಮೇಲೆ ಪರೀಕ್ಷೆ ಶುರು. ತಟ್ಟೆ ಎಸೆಯುವುದು, ಬೈಯುವುದು, ಓಡಿಹೋಗಲು ನೋಡುವುದು. ಹೊರನೋಟಕ್ಕೆ ಇದು ಚಿಕಿತ್ಸೆ ಕೆಟ್ಟ ಲಕ್ಷಣ. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಇದನ್ನು ತಿರುಗಾಮುರುಗಾ ಓದಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಮಕ್ಕಳನ್ನು ಬಾಂಬಿನ ಭಯಕ್ಕೆ ಹಳ್ಳಿಗಳಿಗೆ ಸಾಗಿಸಿದಾಗ, ಯಾವ ಮನೆಯಲ್ಲೂ ನಿಲ್ಲದ ತುಂಟರಿಗೆಂದು ಆಕ್ಸ್‌ಫರ್ಡ್‌ಶೈರಿನಲ್ಲಿ ಹಾಸ್ಟೆಲುಗಳನ್ನು ತೆರೆದಿದ್ದರು. ವಿನಿಕಾಟ್ ಅವುಗಳ ಸಲಹೆಗಾರರು. ಕದಿಯುವ, ಒಡೆಯುವ ಹುಡುಗನಲ್ಲಿ ಇನ್ನೂ ಆಸೆ ಸತ್ತಿಲ್ಲ ಎಂದು ಅವರು ಮುಂದೆ ಬರೆದರು. ತನಗೆ ಬರಬೇಕಾಗಿದ್ದು ಯಾವುದೋ ಕೈತಪ್ಪಿದೆ, ಅದನ್ನು ಕೊಡುವವರು ಇನ್ನೂ ಎಲ್ಲೋ ಇರಬಹುದು ಎಂಬ ನಂಬಿಕೆ ಇರುವವನು ಮಾತ್ರ ಹಾಗೆ ತಂಟೆ ಮಾಡುತ್ತಾನೆ. ಪೂರ್ತಿ ಕೈಬಿಟ್ಟವನು ಸುಮ್ಮನಾಗಿಬಿಡುತ್ತಾನೆ.

ಬರೀ ಬರೆದವರಲ್ಲ ಅವರು. ಶಾಲೆ ತಪ್ಪಿಸಿ ಓಡಿಹೋಗುವ 9 ವರ್ಷದ ಒಬ್ಬ ಹುಡುಗನನ್ನು ಯಾವ ಹಾಸ್ಟೆಲೂ ತಡೆದುಕೊಳ್ಳಲಾಗದಿದ್ದಾಗ, ವಿನಿಕಾಟ್ ದಂಪತಿ ಮೂರು ತಿಂಗಳು ಸ್ವಂತ ಮನೆಯಲ್ಲೇ ಇಟ್ಟುಕೊಂಡರು. ಆ ಮೂರು ತಿಂಗಳು ನರಕವಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಹುಡುಗನ ಕೋಪ ಹದ್ದು ಮೀರಿದಾಗ ವಿನಿಕಾಟ್ ಹೊಡೆಯುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಮುಂಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು, ಹೊತ್ತೆನ್ನದೆ, ಮಳೆ ಚಳಿಯೆನ್ನದೆ. ಅಲ್ಲೊಂದು ಕರೆಗಂಟೆ. ಅದನ್ನು ಒತ್ತಿದ ಕ್ಷಣ ಬಾಗಿಲು ತೆರೆಯುತ್ತದೆ, ಆಗಿಹೋದದ್ದರ ಬಗ್ಗೆ ಒಂದು ಮಾತೂ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇವತ್ತಿನ ಕಾನೂನಿನಲ್ಲಿ ಮಗುವನ್ನು ಹೊರಗೆ ನಿಲ್ಲಿಸುವುದು ಒಪ್ಪತಕ್ಕದ್ದಲ್ಲ, ಯಾರೂ ಅನುಕರಿಸಬೇಕಿಲ್ಲ. ಆದರೆ ಕರೆಗಂಟೆಯ ಭಾಗವನ್ನು ಗಮನಿಸಿ. ತಪ್ಪಿಗೆ ಗಡಿ ಇದೆ, ಮರಳುವುದಕ್ಕೆ ಗಡಿ ಇಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದು ಇದರ ತದ್ವಿರುದ್ಧ. ತಪ್ಪು ಮಾಡಿದಾಗ ಅರ್ಧಂಬರ್ಧ ಬೈದು ಬಿಡುತ್ತೇವೆ, ಮುಂದಿನ ಮೂರು ತಿಂಗಳು ಪ್ರತಿ ಊಟದ ಹೊತ್ತಿನಲ್ಲಿ ಅದನ್ನೇ ಎತ್ತಿ ಆಡುತ್ತೇವೆ.

ಇನ್ನೊಬ್ಬ ಇಂಗ್ಲಿಷ್ ಮನೋವೈದ್ಯ ಜಾನ್ ಬೌಲ್ಬಿ 1944ರಲ್ಲಿ 44 ಮಂದಿ ಕಳ್ಳ ಮಕ್ಕಳ ಹಿನ್ನೆಲೆ ಕೆದಕಿ ಪ್ರಬಂಧ ಬರೆದರು. ಅವರಲ್ಲಿ 17 ಮಂದಿ ಎಳೆವಯಸ್ಸಿನಲ್ಲಿ ತಾಯಿಯಿಂದ ದೀರ್ಘಕಾಲ ಬೇರೆಯಾದವರು. ಕಳ್ಳತನ ಮಾಡದ ಹೋಲಿಕೆಯ ಗುಂಪಿನ 44ರಲ್ಲಿ ಅಂಥವರು ಇಬ್ಬರೇ. ತಾಯಿಯನ್ನು ದೂರುವುದಕ್ಕೆ ಈ ಲೆಕ್ಕವನ್ನು ಬಳಸಿಕೊಂಡವರು ಆಮೇಲೆ ಬಹಳ ಜನ, ಅದು ಅನ್ಯಾಯ. ಸಂಬಂಧ ಕಡಿದಲ್ಲಿ ನಡವಳಿಕೆ ಕೆಡುತ್ತದೆ ಎಂಬಷ್ಟನ್ನು ಮಾತ್ರ ತೆಗೆದುಕೊಂಡರೆ, ಸಂಬಂಧ ಕೂಡಿಸಿದರೆ ಸರಿಹೋದೀತೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಎಮಿ ವರ್ನರ್ ಅವರಿಗೆ ಸಿಕ್ಕ ಉತ್ತರ ಆಶಾದಾಯಕ. ಬಡತನ, ಕುಡಿತ, ಕಾಯಿಲೆಯ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಪಾಲು ಮಕ್ಕಳು ನೆಟ್ಟಗೆ ಬೆಳೆದಿದ್ದರು. ಅವರ ಬದುಕಿನಲ್ಲಿ ಅಜ್ಜಿಯೋ, ಮೇಷ್ಟರೋ, ನೆರೆಯವರೋ, ಬಿಟ್ಟುಹೋಗದ ಒಬ್ಬ ದೊಡ್ಡವರು ಇದ್ದದ್ದು ಎದ್ದು ಕಾಣುತ್ತಿತ್ತು.

ಹೊಸೂರು ರಸ್ತೆಗೆ ಮರಳೋಣ. 2014ರಲ್ಲಿ ನಿಮ್ಹಾನ್ಸ್‌ನ ಡಾ. ಶೇಖರ್ ಶೇಷಾದ್ರಿ ಮತ್ತು ಶೀಲಾ ರಾಮಸ್ವಾಮಿ ಅವರ ತಂಡ, ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನಿಂದ, ಬೆಂಗಳೂರಿನ ಅಂಗನವಾಡಿ, ಶಾಲೆ, ಬಾಲಮಂದಿರಗಳಿಗೇ ಹೋಗಿ ಕೆಲಸ ಮಾಡುವ ಯೋಜನೆಯೊಂದನ್ನು ಆರಂಭಿಸಿತು. ಅದರ ಬೆಳವಣಿಗೆಯೇ 2020ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಹುಟ್ಟಿದ 'ಸಂವಾದ್'. ಬಾಲಮಂದಿರ, ವೀಕ್ಷಣಾಲಯಗಳ ಸಿಬ್ಬಂದಿಗೆ ಅವರು ಕಲಿಸುವ ಪಾಠದ ತಿರುಳು ಸರಳ. ನಡವಳಿಕೆ ಕಂಡ ಕೂಡಲೇ ಅದಕ್ಕೆ ಉತ್ತರ ಕೊಡಬೇಡಿ. ಮಗುವಿನ ಸಂದರ್ಭವೇನು, ಆ ಸಂದರ್ಭದಲ್ಲಿ ಅದಕ್ಕಾದ ಅನುಭವವೇನು, ಆ ಅನುಭವದಿಂದ ಹುಟ್ಟಿದ ಒಳದನಿ ಏನು ಎಂದು ಹಿಂದಕ್ಕೆ ಹೋಗಿ, ನಡವಳಿಕೆ ಕಡೆಯದು.

ಹೇಗೆಂದು ನೋಡಲು ಒಂದು ಉದಾಹರಣೆ ಕಟ್ಟುತ್ತೇನೆ, ಇದು ಯಾರೊಬ್ಬರ ಕಥೆಯೂ ಅಲ್ಲ. ಬಾಲಮಂದಿರಕ್ಕೆ ಬಂದ 14ರ ಹುಡುಗನೊಬ್ಬ ದಿನಾ ಎರಡು ಚಪಾತಿ ಕದ್ದು ದಿಂಬಿನ ಕೆಳಗಿಡುತ್ತಾನೆ. ಇರುವೆ ಮುತ್ತುತ್ತವೆ, ಪಕ್ಕದ ಹಾಸಿಗೆಯವನು ಜಗಳ ತೆಗೆಯುತ್ತಾನೆ. ಬೈದರೆ ಜಾಗ ಬದಲಿಸಿ ಇಡುತ್ತಾನೆ, ಅಷ್ಟೆ. ಸಂದರ್ಭ: ಕುಡಿದು ಬಿದ್ದಿರುವ ಅಪ್ಪ, ಗಾರ್ಮೆಂಟ್ಸ್‌ಗೆ ಹೋಗಿ ಒಂದು ದಿನ ಮರಳದ ಅಮ್ಮ. ಅನುಭವ: ಒಲೆ ಹೊತ್ತುವುದು ಖಾತ್ರಿಯಿಲ್ಲದ ಸಂಜೆಗಳು. ಒಳದನಿ: ನಾಳೆ ಇರತ್ತೋ ಇಲ್ವೋ, ನನ್ನದು ನಾನೇ ನೋಡ್ಕೋಬೇಕು. ಇಲ್ಲಿಗೆ ಬಂದು ನಿಂತ ಹೌಸ್ ಮದರ್‌ಗೆ ಶಿಕ್ಷೆಯ ಯೋಚನೆ ತಾನಾಗಿ ಬಿಟ್ಟುಹೋಗುತ್ತದೆ. ಅವನ ಹೆಸರು ಬರೆದ ಒಂದು ಡಬ್ಬಿ ತಂದು, ರಾತ್ರಿ ಮಲಗುವ ಮುನ್ನ ಅವನ ಕಣ್ಣೆದುರೇ ಎರಡು ಚಪಾತಿ ಹಾಕಿ, "ಇದು ನಿಂದೇ ಕಣಪ್ಪ, ಬೆಳಿಗ್ಗೆನೂ ಇಲ್ಲೇ ಇರತ್ತೆ" ಎನ್ನುತ್ತಾಳೆ. ಬೆಳಿಗ್ಗೆ ಅದು ಅಲ್ಲೇ ಇರಬೇಕು. ಮರುದಿನವೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬಿ ತುಂಬಿದ ಆ ಹೆಂಗಸು ಮುಂದಿನ ತಿಂಗಳೂ ಅಲ್ಲಿರಬೇಕು. ಈ ಕಡೆಯ ಮಾತಿನಲ್ಲಿ ನಮ್ಮ ವ್ಯವಸ್ಥೆ ಸೋಲುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮಕ್ಕಳ ಜೊತೆಯಲ್ಲೇ ದೊಡ್ಡವರೊಬ್ಬರು ಬದುಕುವುದರ ಬೆಲೆ ಈ ಕಡೆಯ ಬೆಂಗಳೂರಿಗೆ ಹೊಸದಲ್ಲ. ಎಚ್. ನರಸಿಂಹಯ್ಯನವರು ಕಾಲೇಜಿನ ಪ್ರಿನ್ಸಿಪಾಲರಾಗಿ, ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೆಸರು ಮಾಡಿದವರು, ತಮ್ಮ ಬದುಕಿನ ಬಹುಭಾಗವನ್ನು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಕಳೆದರು. ಓದುವ ಹಂಬಲಕ್ಕೆ 1935ರಲ್ಲಿ ಗೌರಿಬಿದನೂರು ಕಡೆಯಿಂದ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಬಂದ ಹುಡುಗ ಅವರು. ಹಳ್ಳಿಯಿಂದ ಬಂದ ಹುಡುಗನಿಗೆ ಈ ಊರು ಹೇಗೆ ಕಾಣುತ್ತದೆಂದು ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಅಲ್ಲಿದ್ದ ವಿದ್ಯಾರ್ಥಿಗಳು ರೋಗಿಗಳಲ್ಲ, ಹಾಸ್ಟೆಲು ಚಿಕಿತ್ಸಾಲಯವೂ ಅಲ್ಲ. ಆದರೆ ಮೇಷ್ಟರ ದೀಪ ಅದೇ ಕಟ್ಟಡದಲ್ಲಿ ಉರಿಯುತ್ತಿರುವುದಕ್ಕೂ, ಸಂಜೆ ಆರಕ್ಕೆ ಬೀಗ ಹಾಕಿ ಮನೆಗೆ ಹೋಗುವ ವಾರ್ಡನ್‌ಗೂ ಇರುವ ವ್ಯತ್ಯಾಸ ಹಾಸ್ಟೆಲಿನಲ್ಲಿ ಬೆಳೆದ ಯಾರಿಗೂ ಗೊತ್ತು. ಈಗ ನಾವು 'ಶಿಸ್ತು ಬರಲಿ' ಎಂದು ಮಂಗಳೂರು, ಮೂಡುಬಿದಿರೆ ಕಡೆಯ ವಸತಿ ಪಿಯು ಕಾಲೇಜುಗಳಿಗೆ ಮಕ್ಕಳನ್ನು ಕಳಿಸುತ್ತೇವೆ. ಓದುವ ಮಗುವಿಗೆ ಅದು ಒಗ್ಗಬಹುದು. ಒಳಗೆ ಕುಸಿಯುತ್ತಿರುವ ಮಗುವನ್ನು ಆ ವೇಳಾಪಟ್ಟಿಗೆ ಕಟ್ಟುವುದು ಅಪಾಯ, ಯಾಕೆಂದರೆ ಅಲ್ಲಿ ಅದರ ಮುಖ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಇಷ್ಟು ಹೇಳಿ, ಪ್ರೀತಿ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಬರೆದರೆ ಓದುಗರಿಗೆ ಮೋಸ ಮಾಡಿದಂತೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. 506 ಹುಡುಗರನ್ನು ಜೋಡಿ ಜೋಡಿಯಾಗಿ ಹೊಂದಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ವರ್ಷಗಟ್ಟಲೆ ಆಪ್ತ ಸಲಹೆಗಾರರ ಒಡನಾಟ, ಪಾಠದ ನೆರವು, ಬೇಸಿಗೆ ಶಿಬಿರ ಕೊಟ್ಟರು; ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಜೋನ್ ಮಕಾರ್ಡ್ ಎಂಬ ಸಂಶೋಧಕಿ ಮೂವತ್ತು ವರ್ಷಗಳ ನಂತರ ಅವರನ್ನೆಲ್ಲ ಹುಡುಕಿ 1978ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ನೆರವು ಪಡೆದವರ ಬದುಕೇ ಕುಡಿತ, ಕಾಯಿಲೆ, ಬೇಗ ಸಾವುಗಳಲ್ಲಿ ಇನ್ನಷ್ಟು ಕೆಟ್ಟಿತ್ತು. ನೆರವಿಗೆ ಕೃತಜ್ಞರಾಗಿದ್ದವರೂ ಅವರಲ್ಲಿದ್ದರು! ಯಾಕೆ ಹೀಗಾಯಿತೆಂದು ಮತ್ತೆ ಜಾಲಾಡಿದಾಗ, ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದವರಲ್ಲಿ ಹಾನಿ ಹೆಚ್ಚು ಕಂಡಿತು. ತಂಟೆಕೋರರನ್ನೆಲ್ಲ ಒಟ್ಟು ಹಾಕಿದರೆ ಅವರು ಮೇಷ್ಟರಿಗಿಂತ ಹೆಚ್ಚಾಗಿ ಒಬ್ಬರಿಂದೊಬ್ಬರು ಕಲಿಯುತ್ತಾರೆ, ಗೆಳೆಯರ ನಗು ಸಿಕ್ಕಿದ ತಂಟೆಯನ್ನೇ ಇನ್ನಷ್ಟು ಮಾಡುತ್ತಾರೆ ಎಂದು ಥಾಮಸ್ ಡಿಶಿಯನ್, ಮಕಾರ್ಡ್ ಮತ್ತಿತರರು 1999ರಲ್ಲಿ ವಿವರಿಸಿದರು. ಹಾಗಾಗಿ ಒಂದೇ ಕೋಣೆಯಲ್ಲಿ ಇಪ್ಪತ್ತು 'ದಾರಿ ತಪ್ಪಿದ' ಹುಡುಗರನ್ನು ಕೂಡಿಟ್ಟು, ನೋಡಿಕೊಳ್ಳಲು ಒಬ್ಬನನ್ನು ಬಿಟ್ಟಿರುವ ಜಾಗದಲ್ಲಿ ಗೋಡೆಯ ಮೇಲೆ ಎಷ್ಟೇ ಸುಭಾಷಿತ ಬರೆದಿರಲಿ, ಅಲ್ಲಿ ಪಾಠ ನಡೆಯುತ್ತಿರುವುದು ರಾತ್ರಿ ಲೈಟ್ ಆರಿದ ಮೇಲೆ.

ಇದರ ಇನ್ನೊಂದು ಭೀಕರ ಮುಖವೂ ಅಮೆರಿಕದ್ದೇ. ಹಟಮಾರಿ ಮಕ್ಕಳನ್ನು 'ತಿದ್ದುವ' ಖಾಸಗಿ ವಸತಿ ಕೇಂದ್ರಗಳ ಉದ್ಯಮವೇ ಅಲ್ಲಿ ಬೆಳೆದಿದೆ. ಹದಿಹರೆಯದಲ್ಲಿ ಅಂಥ ಕಡೆ ಇದ್ದು ಬಂದ ಪ್ಯಾರಿಸ್ ಹಿಲ್ಟನ್ ತನಗಾದ ಹಿಂಸೆಯನ್ನು ಸಂಸತ್ತಿನ ಮುಂದೆ ಹೇಳಿದಳು. 2024ರಲ್ಲಿ ಸೆನೆಟ್ ಸಮಿತಿಯೊಂದು ಇಂಥ ಕೇಂದ್ರಗಳ ಬಗ್ಗೆ ಕಟುವಾದ ವರದಿ ಕೊಟ್ಟಿತು, ವರ್ಷದ ಕೊನೆಗೆ ಮಕ್ಕಳ ಸಾಂಸ್ಥಿಕ ದೌರ್ಜನ್ಯ ತಡೆಯುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಮನೆಯಿಂದ ದೂರ ಸಾಗಿಸುವುದು, ಫೋನು ಪತ್ರ ತಡೆಯುವುದು, ಮಗು ದೂರಿದರೆ 'ಸುಳ್ಳು ಹೇಳ್ತಾನೆ, ನಂಬಬೇಡಿ' ಎಂದು ತಂದೆತಾಯಿಗೆ ಮೊದಲೇ ಹೇಳಿಡುವುದು. ಹಿಂಸೆ ಬೆಳೆಯಲು ಈ ಮೂರು ಸಾಕು.

ಇಲ್ಲೇ ನಮ್ಮ ದೇಶ ಬೇರೆ ದಾರಿ ಹಿಡಿದದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ವೆಲ್ಲೂರು, ಬೆಂಗಳೂರುಗಳಲ್ಲಿ ಆ ರೂಢಿ ಬೇರೂರಿತು. ಸಿಬ್ಬಂದಿ ಕೊರತೆ ಅದಕ್ಕೆ ಒಂದು ಕಾರಣ ನಿಜ. ಆದರೆ ಕೊರತೆಯಿಂದ ಹುಟ್ಟಿದ ಏರ್ಪಾಡು ಹಣ ಸುರಿದು ಕಟ್ಟಿದ ಏರ್ಪಾಡಿಗಿಂತ ಮೇಲಾಯಿತು.

ವಾರ್ಡಿನಲ್ಲಿ ಜೊತೆಗಿರುವ ಅಮ್ಮನಿಗೆ ಆಗುವುದೇನು? ಮೊದಲ ವಾರ ಆಕೆಗೆ ಅಡುಗೆಮನೆಯಿಲ್ಲ, ಆಫೀಸಿಲ್ಲ, ಎದುರಿಗೆ ಮಗಳು ಮಾತ್ರ. ಮಗಳು ಸಿಡುಕಿದಾಗ ನರ್ಸು ಹೇಗೆ ದನಿ ಏರಿಸದೆ ನಿಲ್ಲುತ್ತಾಳೆಂದು ಹತ್ತಿರದಿಂದ ಕಾಣುತ್ತದೆ. "ಯಾಕೆ ಹೀಗೆ ಮಾಡ್ದೆ?" ಎಂಬಲ್ಲಿ "ಏನಾಯ್ತು?" ಎಂದು ಕೇಳಿದರೆ ಉತ್ತರ ಬರುವುದು ಕಾಣುತ್ತದೆ. ಪಕ್ಕದ ಹಾಸಿಗೆಯ ಹುಡುಗನ ಅಮ್ಮ, ರಾಯಚೂರಿನವರೋ ಚಾಮರಾಜನಗರದವರೋ, ಅದೇ ಮಾತನ್ನು ಅದೇ ಕಣ್ಣೀರಿನಲ್ಲಿ ಹೇಳಿದಾಗ ಜೆಪಿ ನಗರದ ಅಪಾರ್ಟ್‌ಮೆಂಟಿನಿಂದ ಬಂದವರ ಬಿಗಿದ ಭುಜ ಸಡಿಲವಾಗುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪ ಮತ್ತು ಮಗ ಒಂದು ಗಂಟೆ ಒಟ್ಟಿಗೆ ಕೂತದ್ದೇ ವಾರ್ಡಿನಲ್ಲಿ. ಅಪ್ಪಂದಿರು ಜೊತೆಗಿರಲು ಬರುವುದು ಕಡಿಮೆ ಎಂಬುದನ್ನೂ ಹೇಳಬೇಕು. 'ಅವಳೇ ಇರ್ತಾಳೆ ಬಿಡಿ' ಎಂಬ ಮಾತಿನಲ್ಲೇ ಕಾಯಿಲೆಯ ಅರ್ಧ ಕಥೆ ಇರುತ್ತದೆ. ಮಗು ಬದಲಾಗಿ ಹಿಂತಿರುಗುವ ಮನೆ ಹಳೆಯದೇ ಆಗಿದ್ದರೆ ಆ ಬದಲಾವಣೆಯ ಆಯಸ್ಸು ಬಹಳವಲ್ಲ. ಜೊತೆಗಿದ್ದು ಕಲಿತವರ ಮನೆಯಲ್ಲಿ ಅದಕ್ಕೊಂದು ನೆಲೆ ಸಿಗುತ್ತದೆ.

ಡಿಸ್ಚಾರ್ಜ್ ದಿನದ ಬಗ್ಗೆಯೂ ಒಂದು ಮಾತು. ಸಂಬಂಧದಿಂದ ನಡೆದ ಚಿಕಿತ್ಸೆಯಲ್ಲಿ ಬೀಳ್ಕೊಡುಗೆಯೂ ಚಿಕಿತ್ಸೆಯ ಭಾಗ. ಹತ್ತಿರವಾದವರೆಲ್ಲ ಹೇಳದೆ ಕೇಳದೆ ಮಾಯವಾಗುವುದನ್ನೇ ಕಂಡು ಬೆಳೆದ ಮಗುವಿಗೆ, ಹೇಳಿ, ದಿನ ಎಣಿಸಿ, ಮತ್ತೆ ಯಾವಾಗ ಬರಬೇಕೆಂದು ಬರೆದುಕೊಟ್ಟು ಕಳಿಸುವುದು ಹೊಸ ಅನುಭವ. ಫಾಲೋಅಪ್ ತಪ್ಪಿಸಬೇಡಿ. "ಈಗ ಚೆನ್ನಾಗಿದಾನಲ್ಲ" ಎಂದು ಹೋಗದೆ ಉಳಿಯುವ ಮನೆಯವರೇ ಮತ್ತೆ ಅಡ್ಮಿಷನ್ ಕೌಂಟರ್ ಎದುರು ನಿಲ್ಲುವುದು.

ಖಾಸಗಿ ಕೇಂದ್ರವೊಂದಕ್ಕೆ ಸೇರಿಸಲೇಬೇಕಾದ ಸ್ಥಿತಿ ಬಂದರೆ ಕಟ್ಟಡ, ಉದ್ಯಾನ, ಬ್ರೋಷರ್ ನೋಡುವ ಮೊದಲು ಕೆಲವನ್ನು ಕೇಳಿ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ? ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಕ್ಕಳ ಜೊತೆ ಯಾರಿರುತ್ತಾರೆ, ಅವರ ಹೆಸರೇನು, ಎಷ್ಟು ವರ್ಷದಿಂದ ಇದ್ದಾರೆ, ಏನು ತರಬೇತಿ? ಮಗು ಕೆರಳಿದಾಗ ಏನು ಮಾಡುತ್ತೀರಿ? ಇಲ್ಲಿ ಉತ್ತರ ತಡವರಿಸಿದರೆ ಎದ್ದು ಬನ್ನಿ. ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವುದನ್ನೂ ಸರಪಳಿ ಕಟ್ಟುವುದನ್ನೂ 2017ರ ಕಾಯ್ದೆ ಸಂಪೂರ್ಣ ನಿಷೇಧಿಸಿದೆ. 'ಮೊದಲ ತಿಂಗಳು ಭೇಟಿಗೆ ಅವಕಾಶವಿಲ್ಲ, ನಿಮ್ಮನ್ನು ನೋಡಿದರೆ ಹಟ ಮಾಡ್ತಾನೆ' ಎಂದವರನ್ನು ನಂಬಬೇಡಿ. 18ರ ಒಳಗಿನವರ ವಿಷಯದಲ್ಲಿ ಆ ಮಾತೇ ಕಾನೂನಿಗೆ ವಿರುದ್ಧ. ಎಲ್ಲಿಂದ ಆರಂಭಿಸುವುದೆಂದು ತಿಳಿಯದವರು ಟೆಲಿ ಮಾನಸ್ 14416ಕ್ಕೆ ಕರೆಮಾಡಬಹುದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿನ ಮೇಲೆ ಹಿಂಸೆ ನಡೆಯುತ್ತಿದೆ ಎಂಬ ಅನುಮಾನವಿದ್ದರೆ 1098.

ಸರ್ಕಾರಿ ಬಾಲಮಂದಿರಗಳ ಮಕ್ಕಳ ಪರವಾಗಿ ಹೀಗೆ ಕೇಳುವ ಅಪ್ಪ ಅಮ್ಮ ಇರುವುದಿಲ್ಲ, ಇದ್ದರೂ ಅವರ ಮಾತು ನಡೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎನ್ನುತ್ತದೆ, ಪ್ರತಿ ಮಗುವಿಗೂ ಪ್ರತ್ಯೇಕ ಆರೈಕೆ ಯೋಜನೆ ಬರೆಯಬೇಕೆನ್ನುತ್ತದೆ, ಸಂಸ್ಥೆಯೊಳಗೆ ಮಗುವಿಗೆ ಹೊಡೆದವರಿಗೆ ದಂಡ ವಿಧಿಸುತ್ತದೆ. ಕಾಗದದ ಮೇಲೆ ಕುಂದಿಲ್ಲ. ಚಪಾತಿ ಡಬ್ಬಿ ತುಂಬಬೇಕಾದ ಹೌಸ್ ಮದರ್, ಒಳದನಿ ಕೇಳಬೇಕಾದ ಕೌನ್ಸೆಲರ್ ಇವರಲ್ಲಿ ಬಹುಪಾಲು ಗುತ್ತಿಗೆ ನೌಕರರು. ಒಪ್ಪಂದ ಮುಗಿದರೆ ಅಥವಾ ಬೇರೆ ಕಡೆ ಎರಡು ಸಾವಿರ ಹೆಚ್ಚು ಸಿಕ್ಕಿದರೆ ಹೋಗುತ್ತಾರೆ, ಹೋಗದೆ ಏನು ಮಾಡಿಯಾರು? ಬಿಟ್ಟುಹೋಗುವವರನ್ನೇ ಕಂಡು ಕೆಟ್ಟ ಮಕ್ಕಳಿಗೆ ಸರ್ಕಾರವೇ ಮತ್ತೆ ಬಿಟ್ಟುಹೋಗುವವರನ್ನು ನೇಮಿಸಿಕೊಡುತ್ತಿದೆ. ತರಬೇತಿ ಕೊಡಲು ನಿಮ್ಹಾನ್ಸ್ ಅದೇ ರಸ್ತೆಯಲ್ಲಿದೆ, ಕೊಡುತ್ತಲೂ ಇದೆ. ತರಬೇತಿ ಪಡೆದವರು ನಿಲ್ಲುವಂತೆ ಮಾಡುವುದು ಇಲಾಖೆಯ ಕೆಲಸ. ಮುಂದಿನ ಬಜೆಟ್ಟಿನಲ್ಲಿ ಹೊಸ ಕಟ್ಟಡ ಬೇಡ. ಇರುವ ಬಾಲಮಂದಿರಗಳ ಹೌಸ್ ಮದರ್, ಕೌನ್ಸೆಲರ್ ಹುದ್ದೆಗಳನ್ನು ಕಾಯಂ ಮಾಡಿ, ಅವರು ಐದು ವರ್ಷ ಒಂದೇ ಮನೆಯಲ್ಲಿ ಉಳಿಯುವಷ್ಟು ಸಂಬಳ ಕೊಡಿ.